ಎಂದೂ ಇಲ್ಲ, ಒಮ್ಮೊಮ್ಮೆ, ಯಾವಾಗಲೂ

ಮೂರನೆಯ ಸಲ ಒಗೆದ ಅದೇ ಬಟ್ಟೆಗಳನ್ನು ಮಿಷನ್ನಿನ ಹೊಟ್ಟೆಯಿಂದ ಹೊರಗೆಳೆಯುತ್ತಿದ್ದವಳಿಗೆ ಗಂಡನ ಬಿಳಿ ಅಂಗಿಯನ್ನು ಮೂಗಿನ ಹತ್ತಿರ ತರುವ ಧೈರ್ಯವಾಗಲಿಲ್ಲ. ಭಾನುವಾರ ಹಾಕಿದ್ದು. ಮಿಷನ್ನು ತನ್ನ ಕೆಲಸ ಮುಗಿಸಿ ಮೂರು ಸಲ ಕೂಗಿ ಸುಮ್ಮನಾಗಿತ್ತು. ಕೂಗಿದ್ದು ಅವಳಿಗೆ ಕೇಳಿಸಿಯೂ ಇತ್ತು. ಬಂದೆ ಎಂದು ಎದ್ದವಳು ದಾರಿಯಲ್ಲಿ ಕಿಟಕಿಯ ಗಾಜಿನ ಮೇಲಿನ ಕಲೆಯೊಂದನ್ನು ಒರೆಸಲು ನಿಂತಳು, ಒರೆಸುವ ಬಟ್ಟೆ ತರಲು ಅಡುಗೆಮನೆಗೆ ಹೋದಳು, ಅಲ್ಲಿ ಸೋರುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದಳು, ಅಷ್ಟರಲ್ಲಿ ಭಾನುವಾರ ಮುಗಿದುಹೋಗಿತ್ತು. ಸೋಮವಾರ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಮತ್ತೆ ಸೋಪು ಸುರಿದು ಒಗೆದಳು, ಮತ್ತೆ ಮರೆತಳು. ಮುಚ್ಚಳ ಮುಚ್ಚಿದ ಕೂಡಲೇ ಆ ಬಟ್ಟೆಗಳು ಈ ಲೋಕದಲ್ಲೇ ಇಲ್ಲವಾಗುತ್ತವೆ ಎಂದು ಗಂಡನಿಗೆ ಹೇಗೆ ಹೇಳುವುದು? ಹೇಳಿದ್ದಳು ಒಮ್ಮೆ. 'ಹಾಗಾದ್ರೆ ನಾನು ಬಾಗಿಲು ಹಾಕ್ಕೊಂಡು ಹೋದ ಮೇಲೆ ನಾನೂ ಇಲ್ವಾ?' ಎಂದು ಅವನು ನಗಾಡಿದ್ದ. ಅವಳು ನಗಲಿಲ್ಲ. ಅವನು ಕೇಳಿದ್ದಕ್ಕೆ ನಿಜವಾದ ಉತ್ತರ ಅವಳಿಗೆ ಗೊತ್ತಿತ್ತು.

ಗಂಡ ಬೀಗ ರಿಪೇರಿಯವನು. ಮನೆಯ ಬಾಗಿಲಿಗೆ ಇಲ್ಲಿಯವರೆಗೆ ಹದಿನಾಲ್ಕು ಕೀಲಿಕೈ ಮಾಡಿಕೊಟ್ಟಿದ್ದಾನೆ. ಮೊದಲ ಮೂರಕ್ಕೆ ಬೈದ, ನಾಲ್ಕನೆಯದಕ್ಕೆ ಮಾತು ಬಿಟ್ಟ, ಆಮೇಲೆ ಬೇಸರವನ್ನು ತಮಾಷೆಗೆ ಹಾಕಿಕೊಂಡುಬಿಟ್ಟ. 'ಈ ಊರಲ್ಲಿ ಅರ್ಧ ಜನ ನಮ್ಮನೆ ಬಾಗಿಲು ತೆಗೀಬಹುದು. ಕಳ್ಳ ಬಂದ್ರೆ ಪಾಪ, ಬೀಗ ಒಡೆಯೋ ಕಷ್ಟ ಇಲ್ಲ,' ಎಂದು ಬಂದವರ ಎದುರಿಗೇ ಹೇಳುತ್ತಾನೆ. ಬಂದವರು ನಗುತ್ತಾರೆ, ಅವಳೂ ನಗುತ್ತಾಳೆ. ನಕ್ಕ ಮೇಲೆ ಬಾಯಿಯ ಎರಡೂ ಬದಿಗಳು ನೋಯುತ್ತವೆ.

ಅಂಗಿಯನ್ನು ಹಗ್ಗಕ್ಕೆ ಹಾಕಿ ಒಂದು ಕ್ಲಿಪ್ಪು ಸಿಕ್ಕಿಸಿ ಇನ್ನೊಂದಕ್ಕೆ ಕೈ ಚಾಚುವಾಗ ಫೋನು ಬಂತು. ಕ್ಲಿನಿಕ್ಕಿನ ಹುಡುಗಿ. ಧ್ವನಿಯಲ್ಲಿ ಅವಸರವಿದ್ದರೂ ಒಳ್ಳೆಯ ಹುಡುಗಿ.

'ಮೇಡಂ, ನಿಮ್ಮ ಫೈಲು ಇನ್ನೂ ತೆರೆದೇ ಇದೆ. ನಿಮ್ಮ ಅಕ್ಕನವರ ಎರಡನೇ ಫಾರಮ್ಮು ಬಂದಿಲ್ಲ. ಡಾಕ್ಟ್ರು ಐದು ತಿಂಗಳ ಹಿಂದೇನೇ ಕೊಟ್ಟಿದ್ರಲ್ಲ?'

'ಹೌದಮ್ಮ. ಕಳಿಸ್ತೀನಿ.'

'ಮುಂದಿನ ಶುಕ್ರವಾರ ಸಂಜೆ ಐದಕ್ಕೆ ಮುಚ್ಚಿಬಿಡ್ತೀವಿ ಮೇಡಂ. ಆಮೇಲೆ ಬೇಕು ಅಂದ್ರೂ ಮೊದಲಿಂದ ಶುರು. ಈಗ ಹೊಸಬರಿಗೆ ಹದಿನಾಲ್ಕು ತಿಂಗಳು ಕಾಯಬೇಕು. ಮರೆತುಬಿಟ್ರಾ?'

'ಇಲ್ಲ, ಮರೆತಿಲ್ಲ.'

'ಪರವಾಗಿಲ್ಲ, ಇಲ್ಲಿಗೆ ಬರೋರೆಲ್ಲ ಹಾಗೇ. ಫಾರಮ್ಮು ತುಂಬೋಕಾಗಲ್ಲ ಅಂತ ಅಳ್ತಾ ಬರ್ತಾರೆ, ಬಂದ ತಕ್ಷಣ ನಾವು ಫಾರಮ್ಮು ಕೈಗೆ ಕೊಡ್ತೀವಿ,' ಎಂದು ನಕ್ಕು ಹುಡುಗಿ ಫೋನಿಟ್ಟಳು.

ಮರೆತಿಲ್ಲ ಎಂದದ್ದು ಸುಳ್ಳಾಗಿರಲಿಲ್ಲ. ಈ ಐದು ತಿಂಗಳಲ್ಲಿ ಅವಳು ಮರೆಯದೆ ಇಟ್ಟುಕೊಂಡದ್ದು ಅದೊಂದನ್ನೇ. ಬ್ಯಾಗಿನ ತಳದಲ್ಲಿ, ಹಳೆಯ ಬಸ್ ಟಿಕೆಟ್ಟು, ಕೂದಲಿನ ಪಿನ್ನು, ಬಾಚಣಿಗೆಯ ಹಲ್ಲುಗಳ ನಡುವೆ ಆ ಫಾರಮ್ಮು ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ದಿನಕ್ಕೆ ಹತ್ತು ಸಲ ಕೈಗೆ ತಾಕುತ್ತಿತ್ತು. ತಾಕಿದಾಗಲೆಲ್ಲ ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಹಿಂದಕ್ಕೆ ಬರುತ್ತಿತ್ತು.

'ಯಾರದು?' ಗಂಡ ಒಳಗಿನಿಂದ ಕೇಳಿದ.

'ಕ್ಲಿನಿಕ್ಕಿನವರು.'

'ಇನ್ನೂ ಬಿಟ್ಟಿಲ್ವಾ ನೀನು ಅದನ್ನ?' ಅವನು ಬಾಗಿಲಿಗೆ ಬಂದು ನಿಂತ. ಒಂದು ಕಾಲಿಗೆ ಶೂ ಹಾಕಿದ್ದ, ಇನ್ನೊಂದು ಕೈಯಲ್ಲಿತ್ತು. 'ನಲವತ್ತೇಳು ವರ್ಷ ಆದ ಮೇಲೆ ಈ ಮರೆವಿಗೊಂದು ಹೆಸರಿಟ್ಟುಕೊಂಡು ಏನ್ ಮಾಡ್ತೀಯಾ? ನಿನಗೆ ಲಕ್ಷ್ಯ ಇಲ್ಲ ಅಂತ ನಾನು ಇಪ್ಪತ್ತು ವರ್ಷದಿಂದ ಪುಕ್ಕಟೆ ಹೇಳ್ತಾ ಇದೀನಿ. ಅದನ್ನೇ ಡಾಕ್ಟ್ರು ಸೀಲು ಹಾಕಿ ಕೊಡ್ತಾರೆ, ಅಷ್ಟೇ ತಾನೇ?'

'ಸೀಲು ಬೇಕು ಅಂತ ಅಂಗಡಿ ಯಜಮಾನ್ರು ಹೇಳಿದಾರಲ್ಲ.'

'ಅವರು ಹಾಗೇ ಹೇಳ್ತಾರೆ. ಸೀಲು ತಂದುಕೊಟ್ಟ ಮೇಲೆ, ಅಯ್ಯೋ ಇವಳಿಗೆ ಕಾಯಿಲೆ ಅಂತೆ, ಇವಳ ಕೈಗೆ ಜನರ ಕಣ್ಣು ಕೊಡೋದು ಹೇಗೆ ಅಂತಾರೆ. ಆವಾಗ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಶೂವಿನೊಳಗೆ ಕಾಲು ತುರುಕಿದ. ಅವನು ಕೆಟ್ಟವನಲ್ಲ. ಹೊರಡುವ ಮುಂಚೆ ಹಗ್ಗದ ಹತ್ತಿರ ಬಂದು, ಒಂದೇ ಕ್ಲಿಪ್ಪಿನಲ್ಲಿ ಜೋತಾಡುತ್ತಿದ್ದ ತನ್ನ ಅಂಗಿಗೆ ಎರಡನೆಯ ಕ್ಲಿಪ್ಪು ತಾನೇ ಸಿಕ್ಕಿಸಿ ಹೋದ.

ಆವಾಗ? ಇಬ್ಬರು ಮಾತಾಡಿದ ಮೇಲೆ ಕೊನೆಯ ಪ್ರಶ್ನೆ ಅವಳ ಜೊತೆ ಕೆಲಸಕ್ಕೆ ಬರುತ್ತದೆ. ಕನ್ನಡಕದ ಅಂಗಡಿಯ ಹಿಂಭಾಗದ ಕೋಣೆ. ಒಂದು ಸಾಣೆ, ಒಂದು ದೀಪ, ತಟ್ಟೆ ತಟ್ಟೆಗಳಲ್ಲಿ ಜೋಡಿ ಜೋಡಿ ಲೆನ್ಸುಗಳು. ಅವುಗಳ ಅಂಚು ಸವೆಸಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ, ಹತ್ತೊಂಬತ್ತು ವರ್ಷದ್ದು. ಸಾಣೆಯ ಮುಂದೆ ಕೂತಾಗ ಅವಳ ಮನಸ್ಸು ಎಲ್ಲಿಗೂ ಹೋಗುವುದಿಲ್ಲ. ಗಾಜು ಕಲ್ಲಿಗೆ ತಾಗುವ ಸದ್ದು ಕೂದಲೆಳೆಯಷ್ಟು ಬದಲಾದರೂ ಬೆರಳಿಗೆ ಗೊತ್ತಾಗುತ್ತದೆ. ಊಟದ ಹೊತ್ತು ಮೀರಿದ್ದು ಗೊತ್ತಾಗುವುದಿಲ್ಲ. 'ನಿನಗೆ ಬೇಕಾದ್ದಾದ್ರೆ ಗಮನ ಇರುತ್ತೆ, ಬೇಡವಾದ್ದಕ್ಕೆ ಇರಲ್ಲ' ಎಂದು ಬಾಲ್ಯದಿಂದ ಕೇಳಿದ ಮಾತಿಗೆ ಈ ಕೋಣೆಯೇ ಸಾಕ್ಷಿ. ಆದರೆ ಸವೆಸಿ ಮುಗಿದ ಮೇಲೆ, ಲೆನ್ಸು ಕೈಯಿಂದ ಇಳಿದು ತಟ್ಟೆಗೆ ಹೋಗುವ ಆ ಒಂದು ನಿಮಿಷದಲ್ಲಿ ಅವಳು ಇರುವುದಿಲ್ಲ. ಹೋದ ವರ್ಷ ಅಂಥದೊಂದು ನಿಮಿಷದಲ್ಲಿ ಒಬ್ಬ ಮುದುಕರ ಎಡಗಣ್ಣಿನ ಲೆನ್ಸು ಬಲಕ್ಕೂ ಬಲಗಣ್ಣಿನದು ಎಡಕ್ಕೂ ಹೋಯಿತು. ಅವರು ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದವರು. ನಾಲ್ಕು ತಿಂಗಳು ಅದನ್ನೇ ಹಾಕಿಕೊಂಡು ತಿರುಗಿದರು. ಮೆಟ್ಟಿಲು ಬಾಗಿದಂತೆ ಕಂಡಾಗ ವಯಸ್ಸಾಯಿತು ಅಂದುಕೊಂಡರಂತೆ, ಸಾಲು ಅಲುಗಿದಾಗ ಓದುವುದು ಬಿಟ್ಟರಂತೆ. ತಪ್ಪು ಗೊತ್ತಾಗಿ ಬಂದಾಗಲೂ ಬೈಯಲಿಲ್ಲ. 'ನನ್ನ ಕಣ್ಣೇ ಕೆಟ್ಟಿತು ಅಂದ್ಕೊಂಡಿದ್ದೆ ತಾಯಿ. ಕಣ್ಣು ಸರಿಯಾಗೇ ಇತ್ತು ನೋಡಿ!' ಎಂದು ಮಗುವಿನ ಹಾಗೆ ಸಂತೋಷಪಟ್ಟರು. ಆ ಸಂತೋಷ ಅವಳನ್ನು ಹೊಡೆದಷ್ಟು ಯಾವ ಬೈಗುಳವೂ ಹೊಡೆದಿರಲಿಲ್ಲ. ಯಜಮಾನರು ಅವತ್ತು ಸಂಜೆ ಕರೆದು ಕೂರಿಸಿ, ತಗ್ಗಿದ ಧ್ವನಿಯಲ್ಲಿ, 'ನೋಡಮ್ಮ, ಡಾಕ್ಟರ ಕಾಗದ ಇದ್ರೆ ತಂದುಕೊಡು. ಕಾಯಿಲೆ ಅಂದ್ರೆ ಅದಕ್ಕೊಂದು ದಾರಿ ಮಾಡೋಣ, ಇನ್ನೊಬ್ಬರು ನೋಡಿ ದಾಟಿಸೋ ಹಾಗೆ. ಕಾಗದ ಇಲ್ಲ ಅಂದ್ರೆ ಇದನ್ನ ನಿರ್ಲಕ್ಷ್ಯ ಅಂತಾನೇ ನಾನು ಬರ್ಕೋಬೇಕಾಗುತ್ತೆ,' ಎಂದರು.

ನಿರ್ಲಕ್ಷ್ಯ. ಬೇರೆ ಭಾಷೆಗಳಲ್ಲಿ ಹೇಗೋ ಗೊತ್ತಿಲ್ಲ, ಅವಳಿಗೆ ಗೊತ್ತಿರುವ ಒಂದೇ ಭಾಷೆಯಲ್ಲಿ ಲಕ್ಷ್ಯ ಹರಿಸಲಾಗದಿರುವುದಕ್ಕೂ ಲೆಕ್ಕಕ್ಕೇ ಇಡದಿರುವುದಕ್ಕೂ ಆ ಒಂದೇ ಮಾತು. ಒಂದು ತಲೆಯ ವಿಷಯ, ಇನ್ನೊಂದು ಪ್ರೀತಿಯ ವಿಷಯ. ಎರಡನ್ನೂ ಒಂದೇ ಗೋಣಿಗೆ ಹಾಕಿ ಬಾಯಿ ಕಟ್ಟಿದ್ದಾರೆ. ಕ್ಲಿನಿಕ್ಕಿನ ಫಾರಮ್ಮಿನಲ್ಲೂ ಮೊದಲನೆಯ ಪ್ರಶ್ನೆ ಅದೇ: ಮಗು ನಿರ್ಲಕ್ಷ್ಯದಿಂದ ತಪ್ಪುಗಳನ್ನು ಮಾಡುತ್ತಿತ್ತೇ? ಮುಂದೆ ಮೂರು ಚೌಕ. ಎಂದೂ ಇಲ್ಲ, ಒಮ್ಮೊಮ್ಮೆ, ಯಾವಾಗಲೂ. ಹೀಗೆ ಹದಿನೆಂಟು ಪ್ರಶ್ನೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಗಮನ ನಿಲ್ಲದ ಕಾಯಿಲೆಗೆ ಇಟ್ಟ ಎ.ಡಿ.ಎಚ್.ಡಿ. ಎಂಬ ನಾಲ್ಕು ಅಕ್ಷರವನ್ನು ಕಾಗದದ ಮೇಲೆ ಬರೆದು, ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿ ತೋರಿಸಿದ್ದರು. 'ನೀವು ಹೇಳೋದೆಲ್ಲ ಅದರ ಹಾಗೇ ಇದೆ. ಆದರೆ ಇದು ದೊಡ್ಡವರಾದ ಮೇಲೆ ಬರೋದಲ್ಲ, ಚಿಕ್ಕಂದಿನಿಂದ ಇರಬೇಕು. ಹನ್ನೆರಡು ವರ್ಷದೊಳಗೆ ನಿಮ್ಮನ್ನ ನೋಡಿದವರು ಯಾರಾದ್ರೂ ಬರೆದುಕೊಡಬೇಕು. ಪ್ರಶ್ನೆ ಚಿಹ್ನೆ ತೆಗೆಯೋದು ಅವರ ಕೈಲಿದೆ.' ಅಪ್ಪ ಇಲ್ಲ. ಅಮ್ಮ ಹೋಗಿ ಆರು ವರ್ಷ. ಉಳಿದವಳು ಅಕ್ಕ ಒಬ್ಬಳೇ, ಇನ್ನೊಂದು ಊರಲ್ಲಿ.

ಅಕ್ಕ ಎಂದರೆ ಅಕ್ಕ. ಫಾರಮ್ಮು ತಲುಪಿದ ದಿನವೇ ತುಂಬಿ, ಮಾರನೆಯ ದಿನವೇ ನೇರ ಕ್ಲಿನಿಕ್ಕಿಗೆ ಅಂಚೆಗೆ ಹಾಕಿದಳು. ಹದಿನೆಂಟಕ್ಕೆ ಹದಿನೆಂಟೂ 'ಎಂದೂ ಇಲ್ಲ.' ಹಿಂಬದಿಯಲ್ಲಿ ಯಾರೂ ಕೇಳದಿದ್ದರೂ ದುಂಡಗಿನ ಅಕ್ಷರದಲ್ಲಿ, 'ನನ್ನ ತಂಗಿ ಚಿನ್ನದಂಥ ಹುಡುಗಿ, ಅವಳ ಮೇಲೆ ಯಾರೂ ಎಂದೂ ದೂರು ಹೇಳಿದ್ದಿಲ್ಲ' ಎಂದು ಬರೆದು ಸಹಿ ಹಾಕಿದ್ದಳು. ಅದನ್ನು ಡಾಕ್ಟರು ಮೇಜಿನ ಮೇಲೆ ತಿರುಗಿಸಿ ತೋರಿಸಿದಾಗ ಅವಳಿಗೆ ನಗು ಬಂತು, ನಗು ಅರ್ಧಕ್ಕೆ ಬರುವಷ್ಟರಲ್ಲಿ ಅಳು ಬಂತು. 'ಇದನ್ನಿಟ್ಟುಕೊಂಡು ನಾನು ಮುಂದೆ ಹೋಗೋಕಾಗಲ್ಲ. ಇನ್ನೊಂದು ಸಲ, ನಿಜವಾಗಿ ಹೇಗಿತ್ತೋ ಹಾಗೆ ಬರೆಯೋಕೆ ಹೇಳಿ' ಎಂದು ಡಾಕ್ಟರು ಹೊಸ ಫಾರಮ್ಮು ಕೊಟ್ಟರು.

ಅವತ್ತೇ ಅಕ್ಕನಿಗೆ ಫೋನು ಮಾಡಿದ್ದಳು. 'ಒಂದೇ ಒಂದು ಕೆಟ್ಟ ಮಾತು ಬರೆದಿಲ್ಲ ಕಣೇ ಗುಬ್ಬಿ,' ಎಂದು ಅಕ್ಕ ತಾನೇ ಶುರು ಮಾಡಿದಳು. ಅಕ್ಕನಿಗೆ ಅವಳು ಇವತ್ತಿಗೂ ಗುಬ್ಬಿಯೇ. 'ಯಾವುದೋ ಆಫೀಸಿನವರು ಬಂದು ನಮ್ಮನೆ ಹುಡುಗಿ ಮೇಲೆ ಬೆರಳು ತೋರಿಸು ಅಂದ್ರೆ ತೋರಿಸ್ತೀನಾ? ನಿರ್ಲಕ್ಷ್ಯ ಅಂತೆ! ನಿರ್ಲಕ್ಷ್ಯ ಅಂದ್ರೆ ಏನು ಅಂತ ಅವರಿಗೇನು ಗೊತ್ತು? ನಿರ್ಲಕ್ಷ್ಯ ಅಂದ್ರೆ ಅಮ್ಮನ ಕಿವಿ ಮಿಷನ್ ಇಟ್ಕೊಂಡು ಸತಾಯಿಸಿದ ಆ ರಿಪೇರಿಯವನದ್ದು. ನೀನು ಅಮ್ಮನ್ನ ನೋಡ್ಕೊಂಡ ಹಾಗೆ ಯಾರು ನೋಡ್ಕೊಂಡ್ರು? ಆ ಅಂಗಡಿಗೆ ದಿನಾ ಅಲೆದೆಯಲ್ಲ, ಆ ಬಿಸಿಲಲ್ಲಿ. ನಿರ್ಲಕ್ಷ್ಯ ಇದ್ದವರು ಹಾಗೆ ಅಲೀತಾರಾ?' ಅವಳು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, 'ಆಯ್ತು ಅಕ್ಕಾ,' ಎಂದು ಇಟ್ಟುಬಿಟ್ಟಳು. ಫಾರಮ್ಮು ಬ್ಯಾಗಿನ ತಳಕ್ಕೆ ಹೋಯಿತು.

ಸಾಣೆ ತಿರುಗಲು ಬಿಟ್ಟು ಲೆನ್ಸನ್ನು ಕಲ್ಲಿಗೆ ಹಿಡಿದಳು. ನೀರು ಹನಿ ಹನಿಯಾಗಿ ಗಾಜಿನ ಮೇಲೆ ಬೀಳುತ್ತಿತ್ತು. ಅಕ್ಕ ಸುಳ್ಳು ಬರೆದಳೇ? ಎಷ್ಟು ಯೋಚಿಸಿದರೂ ಹೌದು ಎನ್ನಲಾಗುವುದಿಲ್ಲ. ಮಗು ವಸ್ತುಗಳನ್ನು ಕಳೆದುಕೊಳ್ಳುತ್ತಿತ್ತೇ? ಅವಳು ಕಳೆದದ್ದನ್ನೆಲ್ಲ ಅಕ್ಕ ಹುಡುಕಿ ತಂದಿಡುತ್ತಿದ್ದಳು, ಹಾಗಾಗಿ ಯಾವುದೂ ಕಳೆದಿರಲಿಲ್ಲ. ಮಗು ಕೊಟ್ಟ ಕೆಲಸವನ್ನು ಅರ್ಧಕ್ಕೆ ಬಿಡುತ್ತಿತ್ತೇ? ಉಳಿದರ್ಧ ಅಕ್ಕ ಮಾಡುತ್ತಿದ್ದಳು, ಹಾಗಾಗಿ ಯಾವುದೂ ಅರ್ಧ ಉಳಿದಿರಲಿಲ್ಲ. ಅವಳು ಎರಡನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಒಂದು ಕಾಲಿಗೆ ತನ್ನ ಶೂ, ಇನ್ನೊಂದಕ್ಕೆ ಅಕ್ಕನ ಶೂ ಹಾಕಿಕೊಂಡು ಸ್ಕೂಲಿನ ಗೇಟಿನವರೆಗೂ ನಡೆದಿದ್ದಳು. ಕಾಲು ಒಳಗೆ ಲೊಳಕ್ ಲೊಳಕ್ ಅಂದರೂ ಅವಳಿಗೆ ತಿಳಿದಿರಲಿಲ್ಲ. ಹಿಂದೆ ಓಡಿಬಂದ ಅಕ್ಕನ ಕಾಲಲ್ಲಿ ಉಳಿದೆರಡು. ತಂಗಿಯ ಪುಟ್ಟ ಶೂವಿನೊಳಗೆ ಹಿಮ್ಮಡಿ ಹಿಡಿಸದೆ ಹಿಂಭಾಗವನ್ನು ತುಳಿದುಕೊಂಡು ಬಂದಿದ್ದಳು. ಗೇಟಿನ ಹತ್ತಿರ ಮಕ್ಕಳು ನಗಲು ಶುರುಮಾಡಿದಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು, 'ಏನ್ ನೋಡ್ತೀರೋ? ನಮ್ಮನೇಲಿ ಇದೇ ಫ್ಯಾಶನ್ನು,' ಎಂದು ಅಬ್ಬರಿಸಿದಳು. ಸಂಜೆ ಅಕ್ಕನ ಹೆಬ್ಬೆರಳು ಬೊಬ್ಬೆಯೆದ್ದು ಒಡೆದಿತ್ತು. ಅಮ್ಮ ಕೇಳಿದ್ದಕ್ಕೆ ಕಲ್ಲು ಎಡವಿದೆ ಅಂದಳು. ಆ ಬೊಬ್ಬೆಗೆ ಫಾರಮ್ಮಿನಲ್ಲಿ ಯಾವ ಚೌಕ? ಹದಿನೆಂಟು 'ಎಂದೂ ಇಲ್ಲ'ಗಳ ಕೆಳಗೂ ಅಕ್ಕನ ಒಂದೊಂದು ಬೊಬ್ಬೆ ಇದೆ. ಅವು ಇವೆ ಎಂದು ಅಕ್ಕನಿಗೇ ಗೊತ್ತಿಲ್ಲ.

ಅಕ್ಕನ ಕೈಲಿ ನಿಜ ಬರೆಸಬೇಕಾದರೆ ಇರುವುದು ಒಂದೇ ದಾರಿ. ಅದನ್ನು ನೆನೆದಾಗಲೆಲ್ಲ ಅವಳ ಮನಸ್ಸು ಆರು ವರ್ಷದ ಹಿಂದಿನ ಆ ಬಸ್ಸು ಹತ್ತುತ್ತದೆ. ಹಾಸಿಗೆ ಹಿಡಿದಿದ್ದ ಅಮ್ಮನ ಕಿವಿ ಮಿಷನ್ನು ಪುಟ್ಟ ನೀಲಿ ಡಬ್ಬಿಯಲ್ಲಿ ಅವಳ ತೊಡೆಯ ಮೇಲಿತ್ತು. ರಿಪೇರಿಯವನು ಹೇಳಿದ ದಿನ, ಹೇಳಿದ ಹೊತ್ತಿಗೆ, ಹೊಸ ಬ್ಯಾಟರಿ ಹಾಕಿ, ಒರೆಸಿ, 'ತಾಯಿಯವರಿಗೆ ನಮಸ್ಕಾರ ಹೇಳಿ' ಎಂದು ಕೊಟ್ಟಿದ್ದ. ಬಸ್ಸು ಒಂದು ಕಡೆ ನಿಂತಿತ್ತು. ಹೊರಗೆ ಏಣಿಯ ಮೇಲೆ ಒಬ್ಬ ಮನುಷ್ಯ ಅಂಗಡಿಯೊಂದರ ಹಲಗೆಯ ಮೇಲಿನ ದೊಡ್ಡ ದೊಡ್ಡ ಅಕ್ಷರಗಳನ್ನು ಕಳಚುತ್ತಿದ್ದ. ಮೂರು ಅಕ್ಷರ ಇಳಿದಿದ್ದವು, ನಾಲ್ಕನೆಯದು ಒಂದೇ ಮೊಳೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ತಲೆಕೆಳಗಾದಾಗ ಅದು ಬೇರೆ ಅಕ್ಷರದ ಹಾಗೆ ಕಾಣುತ್ತಿತ್ತು. ಯಾವ ಅಕ್ಷರ, ಯಾವ ಹೆಸರು ಎಂದು ಅವಳು ಕತ್ತು ತಿರುಗಿಸಿ ತಿರುಗಿಸಿ ನೋಡಿದಳು. ಎಷ್ಟು ಚೆನ್ನಾಗಿ ನೋಡಿದಳೆಂದರೆ ಇವತ್ತಿಗೂ ಆ ಮನುಷ್ಯನ ಜೇಬಿನಿಂದ ಇಣುಕುತ್ತಿದ್ದ ಇಕ್ಕಳದ ಕೆಂಪು ಹಿಡಿಕೆಯನ್ನು ಹೇಳಬಲ್ಲಳು. ನಿಲ್ದಾಣ ಬಂತು, ಇಳಿದಳು. ಮನೆಯ ಬಾಗಿಲಲ್ಲಿ ಅಕ್ಕ ಕೈ ಚಾಚಿ, 'ಕೊಟ್ಟನಾ?' ಎಂದು ಕೇಳಿದಾಗಲೇ ಎರಡೂ ಕೈ ಬರಿದಾಗಿರುವುದು ಗೊತ್ತಾದದ್ದು.

'ಇನ್ನೂ ಆಗಿಲ್ವಂತೆ ಅಕ್ಕಾ. ನಾಳೆ ಬಾ ಅಂದ.'

ಅಷ್ಟೇ. ಯೋಚಿಸಿ ಹೇಳಿದ್ದಲ್ಲ, ಜಾರುವವರು ಗೋಡೆ ಹಿಡಿದಂತೆ ಬಾಯಿ ತಾನೇ ಅದನ್ನು ಹಿಡಿದುಕೊಂಡಿತು. ನಾಳೆ ಡಿಪೋದಲ್ಲಿ ಸಿಕ್ಕಿಬಿಡುತ್ತದೆ, ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡಳು. ಒಂಬತ್ತು ದಿನ, ರಿಪೇರಿ ಅಂಗಡಿಗೆ ಹೋಗುತ್ತೇನೆಂದು ಹೇಳಿ, ಬಸ್ ಡಿಪೋದಲ್ಲಿ ಪ್ರಯಾಣಿಕರು ಬಿಟ್ಟುಹೋದ ಸಾಮಾನು ಇಡುವ ಕೋಣೆಗೆ ಹೋಗಿ ನಿಂತಳು. ಕೊಡೆಗಳು, ಟೊಪ್ಪಿಗೆಗಳು, ಒಂಟಿ ಕೈಚೀಲಗಳು, ಒಂದು ದಿನ ಯಾರದೋ ಹಲ್ಲಿನ ಸೆಟ್ಟು. ಅಲ್ಲಿದ್ದ ಗುಮಾಸ್ತ ಅವಳನ್ನು ಕಂಡರೆ ದೂರದಿಂದಲೇ ತಲೆಯಾಡಿಸುತ್ತಿದ್ದ. ಮನೆಯಲ್ಲಿ ಅಮ್ಮ ಮೊದಲೆರಡು ದಿನ 'ಏನು? ಏನಂದೆ?' ಎಂದು ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟು ಎಲ್ಲದಕ್ಕೂ ನಕ್ಕು ತಲೆಯಾಡಿಸತೊಡಗಿದಳು. ಅಕ್ಕ ಹಾಸಿಗೆಯ ಪಕ್ಕದಲ್ಲಿ ಅಮ್ಮನ ಕೈ ಹಿಡಿದು ಕೂತು, ಬಾಯಿ ತೆರೆದು, ಮುಚ್ಚಿ, ಎದ್ದುಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ತಡೆಯಲಾರದೆ, 'ಅಮ್ಮನ ಹತ್ರ ಒಂದು ಮಾತು ಹೇಳೋದಿತ್ತು ಕಣೇ. ಕೂಗಿ ಹೇಳೋ ಮಾತಲ್ಲ ಅದು. ಆ ದರಿದ್ರದವನು ಅದೊಂದು ಮಿಷನ್ ಕೊಟ್ಟಿದ್ರೆ...' ಎಂದಳು. ಹತ್ತನೆಯ ದಿನ ಬೆಳಿಗ್ಗೆ ಅಮ್ಮ ಹೋದಳು. ಆ ಮಾತು ಏನೆಂದು ಅಕ್ಕ ಇವತ್ತಿಗೂ ಹೇಳಿಲ್ಲ, ಅವಳು ಕೇಳಿಲ್ಲ. ಮೂರು ವಾರ ಕಳೆದು ಅಕ್ಕ ಆ ಅಂಗಡಿಗೇ ಹೋಗಿ ಅವನ ಗ್ರಹಚಾರ ಬಿಡಿಸುತ್ತೇನೆಂದು ಚಪ್ಪಲಿ ಮೆಟ್ಟಿದಾಗ, ತಂಗಿಯೇ ಅಡ್ಡ ನಿಂತು, 'ಬಿಡು ಅಕ್ಕಾ, ಅವನಿಗೂ ಏನು ಕಷ್ಟವೋ' ಎಂದಿದ್ದಳು. 'ನಿನ್ನ ಮನಸ್ಸು ದೊಡ್ಡದು ಕಣೇ,' ಎಂದು ಅಕ್ಕ ಅವಳ ಕೆನ್ನೆ ಸವರಿದ್ದಳು. ಆ ಕೈ ಇನ್ನೂ ಅಲ್ಲೇ ಇದೆ, ಆರು ವರ್ಷವಾದರೂ ತೊಳೆದುಹೋಗಿಲ್ಲ.

'ಇದು ನಿಮ್ಮ ತಪ್ಪಲ್ಲ' ಎಂದಿದ್ದರು ಡಾಕ್ಟರು, ಟಿಶ್ಯೂ ಪೆಟ್ಟಿಗೆಯನ್ನು ಅವಳ ಕಡೆ ತಳ್ಳುತ್ತ. ಯಾವುದು ತಪ್ಪಲ್ಲ? ಡಬ್ಬಿ ಬಿಟ್ಟು ಇಳಿದದ್ದು ಇರಬಹುದು. ತಲೆಯೊಳಗಿನ ಯಾವುದೋ ತಿರುಪು ಸಡಿಲವಿದ್ದು ಹುಟ್ಟಿದರೆ ಯಾರು ಏನು ಮಾಡುವುದಕ್ಕಾಗುತ್ತದೆ! ಆದರೆ ಬಾಗಿಲಲ್ಲಿ ನಿಂತು ಹೇಳಿದ್ದು? ಒಂಬತ್ತು ದಿನ, ದಿನಕ್ಕೊಂದು ವಿವರ ಸೇರಿಸಿ, ಇವತ್ತು ಅಂಗಡಿ ಬಾಗಿಲು ಹಾಕಿತ್ತು, ಇವತ್ತು ಬಿಡಿಭಾಗ ಬಂದಿಲ್ಲ ಎಂದು ಒಂದನ್ನೂ ಮರೆಯದೆ, ಒಂದಕ್ಕೊಂದು ತಾಳೆ ತಪ್ಪದೆ ಹೇಳಿದ್ದು? ಅದಕ್ಕೆ ಎಂಥ ಲಕ್ಷ್ಯವಿತ್ತು! ಇಡೀ ಜೀವಮಾನದಲ್ಲಿ ಅಷ್ಟು ಗಮನವಿಟ್ಟು ಅವಳು ಮಾಡಿದ ಕೆಲಸ ಇನ್ನೊಂದಿಲ್ಲ. ಹದಿನೆಂಟು ಪ್ರಶ್ನೆಗಳಲ್ಲಿ ಸುಳ್ಳಿನ ಬಗ್ಗೆ ಒಂದೂ ಇಲ್ಲ. ಸೀಲು ಬಿದ್ದ ಕಾಗದ ಕೈಗೆ ಬಂದರೆ ಎಲ್ಲರೂ ಎಲ್ಲವನ್ನೂ ಅದರ ಕೆಳಗೆ ತಳ್ಳುತ್ತಾರೆ, ಅವಳೂ ತಳ್ಳುತ್ತಾಳೆ. ಕಾಗದ ಬಾರದಿದ್ದರೆ ಗಂಡ ಹೇಳಿದ್ದು, ಯಜಮಾನರು ಬರೆದುಕೊಳ್ಳುವುದು, ಅದೇ ಅವಳು. ಅಕ್ಕನಿಗೆ ನಿಜ ಹೇಳಿದರೆ ಅಕ್ಕ ಸಿಟ್ಟಿನಲ್ಲಿ ಹದಿನೆಂಟಕ್ಕೂ 'ಯಾವಾಗಲೂ' ಎಂದು ಗೀಚಿಯಾಳು. ಆಗ ಡಾಕ್ಟರು ಪ್ರಶ್ನೆ ಚಿಹ್ನೆ ಹೊಡೆದುಹಾಕುತ್ತಾರೆ. ಅಕ್ಕ ಶಾಪವೆಂದು ಹಾಕಿದ ಗುರುತನ್ನೇ ಅವರು ಬಿಡುಗಡೆಯೆಂದು ಓದುತ್ತಾರೆ. ಹಾಗೆ ಬಿಡುಗಡೆಯಾಗಿ ಹೊರಗೆ ಬಂದಾಗ ಗೇಟಿನ ಹತ್ತಿರ ಕಾಯಲು ಯಾರೂ ಇರುವುದಿಲ್ಲ.

ಲೆನ್ಸಿನ ಅಂಚು ಸವೆದು ಮುಗಿದಿತ್ತು. ಬಲ ಎಂದು ಗುರುತಿನ ಪೆನ್ನಿನಿಂದ ಬರೆದು, ಜೋರಾಗಿ 'ಬಲ' ಎಂದು ಹೇಳಿ, ಬಲಗಡೆಯ ತಟ್ಟೆಗಿಟ್ಟಳು. ಮುಂದಿನ ಕೋಣೆಯಿಂದ ಯಜಮಾನರು, 'ಏನಮ್ಮಾ?' ಎಂದರು. 'ಏನಿಲ್ಲ ಸರ್, ಲೆನ್ಸಿನ ಜೊತೆ ಮಾತಾಡ್ತಿದೀನಿ,' ಎಂದಳು. 'ಅದು ತಿರುಗಿ ಮಾತಾಡಿದ್ರೆ ಹೇಳು,' ಎಂದರು ಅವರು. ಅವಳು ಕೆಲಸದ ಚೀಟಿಗಳ ಕೆಳಗಿದ್ದ ಗೆರೆಹಾಕಿದ ಪುಸ್ತಕ ಎಳೆದುಕೊಂಡಳು. ಈ ಕಾಗದವನ್ನು ಎಷ್ಟು ಸಲ ಶುರುಮಾಡಿದ್ದಳೋ. ಕ್ಷಮೆ ಕೇಳಲು ಹೊರಟದ್ದು ಏಣಿಯ ಮೇಲಿನ ಮನುಷ್ಯನ ವರ್ಣನೆಯಾಗುತ್ತಿತ್ತು. ವರ್ಣನೆ ಹೊಡೆದುಹಾಕಿದರೆ ಡಾಕ್ಟರು ಹೇಳಿದ್ದರ ವಿವರಣೆ ಬರುತ್ತಿತ್ತು. ಎರಡು ಪುಟವಾದ ಮೇಲೆ ಓದಿದರೆ ತಪ್ಪು ಅಮ್ಮನದೋ ಅಕ್ಷರದ್ದೋ ಬಸ್ಸಿನದೋ ಅನ್ನಿಸುವಂತಿರುತ್ತಿತ್ತು. ಇವತ್ತು ಸಾಣೆಯನ್ನು ನಿಲ್ಲಿಸಲಿಲ್ಲ. ಅದು ತಿರುಗುತ್ತಿರುವಷ್ಟು ಹೊತ್ತು ತಾನು ಇಲ್ಲೇ ಇರುತ್ತೇನೆಂಬ ಧೈರ್ಯದಲ್ಲಿ ಬರೆದಳು:

'ಅಕ್ಕಾ, ರಿಪೇರಿಯವನು ಅಮ್ಮನ ಕಿವಿ ಮಿಷನ್ನನ್ನು ಹೇಳಿದ ದಿನವೇ ಕೊಟ್ಟಿದ್ದ. ಅದನ್ನು ಬಸ್ಸಿನಲ್ಲಿ ಬಿಟ್ಟು ಇಳಿದದ್ದು ನಾನು. ನಿನಗೆ ಸುಳ್ಳು ಹೇಳಿದೆ, ಒಂಬತ್ತು ದಿನವೂ ಹೇಳಿದೆ. ನೀನು ಅಮ್ಮನಿಗೆ ಹೇಳಬೇಕೆಂದಿದ್ದ ಮಾತು ನಿನ್ನಲ್ಲೇ ಉಳಿದದ್ದು ನನ್ನಿಂದ. ಮರೆತದ್ದು ಕಾಯಿಲೆಯೋ ಅಲ್ಲವೋ ನನಗೆ ಗೊತ್ತಿಲ್ಲ, ಸುಳ್ಳು ಹೇಳಿದ್ದು ಕಾಯಿಲೆಯಲ್ಲ. ಇದರ ಜೊತೆ ಇರುವ ಫಾರಮ್ಮಿನಲ್ಲಿ ನಿನಗೆ ಕಂಡದ್ದನ್ನು ತುಂಬು. ತುಂಬಲು ಮನಸ್ಸಿಲ್ಲದಿದ್ದರೆ ಹಾಗೇ ಬಿಡು.'

ಊಟದ ಬಿಡುವಿನಲ್ಲಿ ಅಂಚೆ ಕಚೇರಿಯಲ್ಲಿ ಎಂಟು ಜನರ ಸಾಲಿತ್ತು. ಕೌಂಟರಿನ ಮೇಲೆ, ಎರಡು ಗಂಟೆಗೆ ಮುಚ್ಚಲಾಗುವುದು ಎಂಬ ಹಲಗೆ. ಗಡಿಯಾರದಲ್ಲಿ ಒಂದೂ ಮುಕ್ಕಾಲು. ಸಾಲಿನಲ್ಲೇ ನಿಂತು ಬ್ಯಾಗಿನಿಂದ ಏನೇನೋ ತೆಗೆದು, ಮಡಚಿ, ಲಕೋಟೆಗೆ ತುರುಕಿ, ನಾಲಿಗೆಯಿಂದ ಅಂಟು ನೆಕ್ಕಿ ಒತ್ತುವಷ್ಟರಲ್ಲಿ ಫೋನು ನಡುಗಿತು. ಅಕ್ಕ.

'ಏನೇ ಗುಬ್ಬಿ, ಊಟ ಆಯ್ತಾ?'

'ಆಯ್ತು ಅಕ್ಕಾ,' ಎಂದಳು. ಆಗಿರಲಿಲ್ಲ.

'ಸುಳ್ಳಿ. ನಿನ್ನ ಧ್ವನಿ ಹಸಿದಿದೆ. ಕೇಳು, ನಿನಗೊಂದು ಕೊಡೆ ತಗೊಂಡಿದೀನಿ, ಹಳದಿ ಬಣ್ಣದ್ದು. ಎಲ್ಲಾದ್ರೂ ಬಿಟ್ಟುಬಂದ್ರೂ ದೂರದಿಂದ ಕಾಣುತ್ತೆ ಅಂತ.'

'ಬಿಟ್ಟುಬರ್ತೀನಿ ಅಂತ ಗೊತ್ತಿದ್ದೂ 'ಎಂದೂ ಇಲ್ಲ' ಅಂತ ಬರೆದೆಯಲ್ಲ ಅಕ್ಕಾ, ಆ ಫಾರಮ್ಮಲ್ಲಿ?'

'ಅದು ಬೇರೆ, ಇದು ಬೇರೆ. ನಾನು ನಿನ್ನನ್ನ ಬೈಯೋದು ನಮ್ಮನೆ ವಿಷಯ. ಊರಿನವರು ಕೇಳಿದ್ರೆ ನಿನ್ನಂಥವಳಿಲ್ಲ. ಮುಗೀತಲ್ಲ ಅದು?'

ಸಾಲು ಒಂದು ಹೆಜ್ಜೆ ಮುಂದಕ್ಕೆ ಹೋಯಿತು. 'ಮುಗೀತಾ ಬಂತು,' ಎಂದಳು. ಅಕ್ಕ ಮಂಡಿನೋವಿನ ಬಗ್ಗೆ ಹೇಳಿದಳು, ಪಕ್ಕದ ಮನೆಯವರು ಗೋಡೆಗೆ ಬಳಿಸಿದ ಕೆಟ್ಟ ಬಣ್ಣದ ಬಗ್ಗೆ ಹೇಳಿದಳು, ಯಾರದೋ ನಾಯಿ ದಿನವೂ ಬಂದು ತನ್ನ ಬಾಗಿಲಲ್ಲೇ ಮಲಗುವ ಬಗ್ಗೆ ಹೇಳಿದಳು. ಸಾಮಾನ್ಯವಾಗಿ ಎರಡನೆಯ ವಿಷಯ ಬರುವಷ್ಟರಲ್ಲಿ ಅವಳ ಮನಸ್ಸು ಎಲ್ಲೋ ಹೋಗಿ, 'ಹ್ಞೂಂ' ಮಾತ್ರ ಇಲ್ಲಿ ಉಳಿದಿರುತ್ತಿತ್ತು. ಇವತ್ತು ಒಂದು ಮಾತೂ ತಪ್ಪಲಿಲ್ಲ. ನಾಯಿಯ ಕಿವಿ ಯಾವ ಬಣ್ಣ ಎಂದು ತಾನೇ ಕೇಳಿದಳು. ಹೀಗೆ ಮಾತಾಡುವ ಅಕ್ಕ ಇನ್ನು ನಾಡಿದ್ದು ಅಂಚೆಯವನು ಬರುವವರೆಗೆ ಇರುತ್ತಾಳೆ.

'ಸರಿ, ಇಡ್ತೀನಿ. ಊಟ ಮಾಡೇ,' ಎಂದಳು ಅಕ್ಕ.

'ಅಮ್ಮಾ, ನಿಮ್ಮದೇ,' ಎಂದ ಕೌಂಟರಿನವನು.

ಲಕೋಟೆಯನ್ನು ತೂಕಕ್ಕಿಟ್ಟ. 'ಒಳಗೇನಿದೆ?'

'ಒಂದು ಕಾಗದ. ಒಂದು ಫಾರಮ್ಮು,' ಎಂದವಳು ಅಲ್ಲಿಯೇ ನಿಂತುಬಿಟ್ಟಳು. ಕಾಗದ ಮಡಚಿದ್ದು ಕೈಗೆ ನೆನಪಿತ್ತು. ಫಾರಮ್ಮು? ಬ್ಯಾಗಿನಿಂದ ಹೊರಗೆ ಬಂದದ್ದು ನೆನಪಿತ್ತು, ಅಥವಾ ಅದು ಬೆಳಿಗ್ಗೆಯದೋ, ನಿನ್ನೆಯದೋ. ಬ್ಯಾಗಿನೊಳಗೆ ಕೈ ಹಾಕಿದಳು. ಬೆರಳಿಗೆ ನಾಲ್ಕು ಮಡಿಕೆಯ ಯಾವ ಯಾವುದೋ ಕಾಗದಗಳು, ಬಿಲ್ಲು, ಚೀಟಿ, ಹಳೆಯ ಕರಡುಗಳು. ಹಿಂದೆ ನಿಂತಿದ್ದವನು ಗಂಟಲು ಸರಿಮಾಡಿಕೊಂಡ.

'ಫಾರಮ್ಮು ಹಾಕಿದ್ದೀನೋ ಇಲ್ವೋ ಗೊತ್ತಾಗ್ತಿಲ್ಲ,' ಎಂದಳು.

ಕೌಂಟರಿನವನು ಲಕೋಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. 'ಏನೋ ಕಾಗದ ಇದೆ. ಒಂದೋ ಎರಡೋ ನಂಗೆ ಹೇಗಮ್ಮಾ ಗೊತ್ತಾಗಬೇಕು? ಬೇಕಾದ್ರೆ ಹರಿದು ನೋಡ್ಕೊಳ್ಳಿ. ಹೊಸ ಲಕೋಟೆ ಕೊಡ್ತೀನಿ, ಮತ್ತೆ ಕೊನೇಲಿ ಬಂದು ನಿಂತ್ಕೊಳ್ಳಿ. ಎರಡು ಗಂಟೆಯೊಳಗೆ ಬಂದ್ರೆ ಬಂತು.'

ಅವನು ಲಕೋಟೆಯನ್ನು ಅವಳ ಕಡೆ ಚಾಚಿದ. ಅವಳ ಕೈ ಅರ್ಧದವರೆಗೆ ಹೋಯಿತು. ಹರಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು, ತನ್ನ ಬಗ್ಗೆ ಖಂಡಿತವಾಗಿ ಗೊತ್ತಿದ್ದದ್ದು ಅದೊಂದೇ. ಫಾರಮ್ಮು ಒಳಗಿರುತ್ತದೆ ಅಥವಾ ಇರುವುದಿಲ್ಲ, ಎರಡು ಗಂಟೆಯಾಗುತ್ತದೆ, ನಾಳೆ ಎಂದುಕೊಳ್ಳುತ್ತಾಳೆ, ಆ ಕಾಗದ ಬ್ಯಾಗಿನ ತಳಕ್ಕೆ ಹೋಗುತ್ತದೆ, ಆಮೇಲೆ ಇನ್ನೂ ಆರು ವರ್ಷ.

'ಬೇಡ,' ಎಂದಳು. 'ಹಾಗೇ ಕಳಿಸಿಬಿಡಿ.'

'ಫಾರಮ್ಮು ಇಲ್ದಿದ್ರೆ?'

'ಕಾಗದ ಇದೆಯಲ್ಲ.'

ಅವನು ಭುಜ ಕುಣಿಸಿದ, ಠಪ್ಪೆಂದು ಮುದ್ರೆ ಒತ್ತಿದ, ಆಗಲೇ ಮುಂದಿನವನನ್ನು ಕರೆಯುತ್ತ ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದ.